ದೊಡ್ಡದಾದ ಕಂದೀಲು

“ಮಾಸ್ತರ್ರ, ಸಾಕ್ರಿ, ಆ ದೀಪ ದೊಡ್ಡದ ಮಾಡ್ರಿ!” ಮೋನಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು ಕೂಗಿದಳು. ಅವಳ ಮನೆಯಲ್ಲಿ ಬಾಡಿಗೆಗಿದ್ದ ಮೈಸೂರಿನ ಮಾಸ್ತರ, ಪತಂಗ ನೋಡಲೆಂದು ಬದನೆ ಗಿಡಗಳ ನಡುವೆ ಕಂದೀಲಿಟ್ಟುಕೊಂಡು ಕೂತಿದ್ದ. ಊರಿಗೆ ಹೊಸದಾಗಿ ಬಂದ ಕಾಲುವೆಯ ನೀರುಂಡ ಮೊದಲ ಬದನೆ ಅದು. ಮೌನೇಶ್ವರನ ಎಡೆಗೆಂದೇ ಕಾಯ್ದಿಟ್ಟದ್ದು.

“ಆಗಲಿ ಅಮ್ಮ” ಎಂದು ಆತ ಬತ್ತಿ ಏರಿಸಿದ. ಜೋಳದ ಕಾಳಿನ ಗಾತ್ರದ ಪತಂಗಗಳು ಇನ್ನೂ ನೂರು ಬಂದು ಎಲೆಎಲೆಗೂ ಕೂತವು.

“ಅಯ್ಯ ನಮ್ಮಪ್ಪಾ, ಇವು ತತ್ತಿ ಇಟ್ರ ಕಾಯಿಗೆಲ್ಲ ಹುಳ ಬೀಳ್ತಾವ! ದೊಡ್ಡದ ಮಾಡ್ರೀ ಅಂದ್ರ!”

“ಇನ್ನೂನಾ?” ಆತ ಬತ್ತಿಯನ್ನು ಪೂರ್ತಿ ಏರಿಸಿದ.

ಮೋನಮ್ಮ ದಡದಡನೆ ಬಂದವಳೇ ಬತ್ತಿಯನ್ನು ಪೂರ್ತಿ ಇಳಿಸಿಬಿಟ್ಟಳು.

“ಅಯ್ಯೋ, ದೀಪ ಆರಿಸಿಬಿಟ್ರಲ್ಲಮ್ಮಾ!”

ಕತ್ತಲಲ್ಲೇ ಆಕೆ ಕಂದೀಲಿಗೆ ಕೈಮುಗಿದಳು. “ಬಿಡ್ತು ಅನ್ರಿ! ದೀಪ ಆರಸೂದು ಅನಬಾರ್ದ್ರಿ. ದೊಡ್ಡದ ಮಾಡೂದು ಅನಬೇಕು!”