ಕಾಯಿಲ್ ಕೆಳಗಿನ ತಂತಿ

ಪುರಂದರ ಮತ್ತೊಮ್ಮೆ ಹ್ಯಾಂಡಲ್ ತಿರುಗಿಸಿದ. ಕಾರು ಕೆಮ್ಮಲೂ ಇಲ್ಲ. ಸೂಲೂರಿನಾಚೆ, ಯುದ್ಧದ ಕಾಲದಲ್ಲಿ ವಿಮಾನಗಳಿಗೆಂದು ಹಾಸಿದ ಆ ಓಡುದಾರಿಯ ಮೇಲೆ, ಸುಣ್ಣದ ಗೆರೆಯ ಹಿಂದೆ, ಉಳಿದ ಕಾರುಗಳೆಲ್ಲ ಗುರುಗುಡುತ್ತ ನಿಂತಿದ್ದವು. ಹಗ್ಗದಾಚೆ ನಿಂತಿದ್ದ ಅವನ ಅತ್ತಿಗೆ ಭಾಮಾ, ಧೂಳಿಗೆಂದು ಮೂಗು ಬಾಯಿ ಮುಚ್ಚಿಕೊಂಡಿದ್ದ ಬಿಳಿ ಸೆರಗಿನೊಳಗೇ ನಿಟ್ಟುಸಿರು ಬಿಟ್ಟಳು.

"ನೋಡ್ರಪ್ಪಾ, ಮಗ್ಗಕ್ಕೆ ಚಕ್ರ ಕಟ್ಕೊಂಡು ಬಂದವ್ನೆ!" ಎಂದು ನೇಕಾರರ ಮನೆಯ ಆ ಹುಡುಗನನ್ನು ನೋಡಿ ಯಾರೋ ಕೂಗಿದರು. ಜನ ಗೊಳ್ಳೆಂದು ನಕ್ಕರು.

ಬಾವುಟ ಹಿಡಿದಿದ್ದ ನಟರಾಜನ್ ಹತ್ತಿರ ಬಂದ. "ತಂಬಿ, ರೂಲ್ಸ್ ಗೊತ್ತಲ್ಲ? ಗೆರೆ ಮುಟ್ಟಿದ ಮೇಲೆ ಓಡಿಸೋನು ಮಾತ್ರ ಕೈ ಹಚ್ಚಬೇಕು. ಯಾರೂ ತಳ್ಳಬಾರದು. ಯಾರೂ ಒಂದು ಮಾತೂ ಹೇಳಿಕೊಡಬಾರದು. ನಾನು ಬಾವುಟ ಇಳಿಸೋದರೊಳಗೆ ಸ್ಟಾರ್ಟ್ ಆದರೆ ಸರಿ."

"ಗೊತ್ತು ಸಾರ್. ನನಗೆ ಯಾರ ಹಂಗೂ ಬೇಡ."

ಹೋದ ವರ್ಷ ಇದೇ ಕಾರಿನಲ್ಲಿ, ಇದೇ ದಾರಿಯ ಆ ತುದಿಯ ತಿರುವಿನಲ್ಲಿ, ಭಾಮಾಳ ಗಂಡ ರಂಗನಾಥ ಪಲ್ಟಿ ಹೊಡೆದು ತೀರಿಹೋಗಿದ್ದ. ನುಜ್ಜುಗುಜ್ಜಾದ ತಗಡನ್ನು ತಟ್ಟಿ ನೇರ್ಪು ಮಾಡಿ ತಮ್ಮ ಪುರಂದರ ಹೊಸ ಬಣ್ಣ ಬಳಿದಿದ್ದ. ಅಣ್ಣ ಮುಗಿಸದ ಓಟ ತಾನು ಮುಗಿಸಬೇಕು ಎಂಬುದೊಂದೇ ಹಟ. ಭಾಮಾ ಅತ್ತರೂ ಕೇಳಲಿಲ್ಲ, ಬೈದರೂ ಕೇಳಲಿಲ್ಲ. ಅದಕ್ಕೇ ಈ ಹೊತ್ತು ಅವನು ನಂಬರ್ ಚೀಟಿ ತರಲು ಹೋದಾಗ, ತಾಳೆಮರದ ನೆರಳಲ್ಲಿ ಕಾರು ಕಾಯುತ್ತಿದ್ದ ಭಾಮಾ ಬಾನೆಟ್ ಎತ್ತಿ, ಸೊಂಟದಲ್ಲಿದ್ದ ನೂಲಿನ ಕತ್ತರಿಯಿಂದ ಕಿಡಿ ಕೊಡುವ ಕಾಯಿಲ್ ಕೆಳಗಿನ ತಂತಿಯನ್ನು ಕಚಕ್ಕನೆ ಕತ್ತರಿಸಿದ್ದಳು. ಇದೊಂದು ಹೋದರೆ ಕಾರು ಹೆಣ ಎಂದು ಗಂಡನೇ ಹಿಂದೊಮ್ಮೆ ತೋರಿಸಿದ್ದ ತಂತಿ. ಆಮೇಲೆ ಅಲ್ಲೇ ಕೂತಿದ್ದಳು. ಕಾರಿನ ಹತ್ತಿರ ಒಂದು ನರಪಿಳ್ಳೆ ಸುಳಿದಿರಲಿಲ್ಲ. ಪುರಂದರ ಬಂದು ಕರೆದಾಗ ಬೆಚ್ಚಿಬಿದ್ದು ನೋಡಿದರೆ ನೆರಳೇ ಆ ಕಡೆಗೆ ಸರಿದುಹೋಗಿತ್ತು, ಹೊತ್ತು ಹೋದದ್ದೇ ಅವಳಿಗೆ ತಿಳಿದಿರಲಿಲ್ಲ. ಇಬ್ಬರೂ ಸೇರಿ ಕಾರನ್ನು ಗೆರೆಯವರೆಗೆ ತಳ್ಳಿಕೊಂಡು ಬಂದಿದ್ದರು.

ಪುರಂದರ ಬಾನೆಟ್ ತೆರೆದ. ಪೆಟ್ರೋಲು ಬರುತ್ತಿದೆಯೇ ನೋಡಿದ, ಬರುತ್ತಿತ್ತು. ಪ್ಲಗ್ ಬಿಚ್ಚಿ ನೋಡಿದ, ಕಿಡಿ ಇಲ್ಲ. ಮಗ್ಗದ ಹಾಸಿನಲ್ಲಿ ಕಡಿದ ಎಳೆ ಹುಡುಕುವವನ ಹಾಗೆ ಕಣ್ಣು ಮುಚ್ಚಿ, ತಂತಿಗಳ ಮೇಲೆ ಒಂದು ತುದಿಯಿಂದ ಬೆರಳಾಡಿಸುತ್ತ ಬಂದ. ಬೆರಳು ಕಾಯಿಲ್ ಕೆಳಗೆ ಹೋಯಿತು. ಭಾಮಾ ಹಗ್ಗದ ಮೇಲೆ ಮುಂದಕ್ಕೆ ಬಗ್ಗಿದಳು. ಬೆರಳು ಅದನ್ನು ದಾಟಿ ಮುಂದೆ ಹೋಯಿತು! ಕತ್ತರಿಸಿದ ತುದಿಗಳು ಕೈಗೆ ಸಿಗದೆ ಹೇಗೆ ಹೋದವು? ಅವನು ಇನ್ನೊಂದು ಸಲ ಸವರಿದ. ಆಗಲೂ ಹಾಗೆಯೇ.

"ಹೋಗಲಿ, ಹೊಸದನ್ನೇ ಎಳೀತೀನಿ," ಎಂದು ಅವನು ಸೀಟಿನ ಅಡಿಯಿಂದ ಒಂದು ಸುತ್ತು ತಂತಿ ತೆಗೆದ.

ಎಳೆದರೆ ಮುಗಿಯಿತು, ಕಾರು ಹೊರಡುತ್ತದೆ. ಯಾರೂ ಹೇಳಿಕೊಡಬಾರದು ಎಂಬ ಬಾವುಟದವನ ಮಾತು ಭಾಮಾಳಿಗೆ ನೆನಪಾಯಿತು. ಬಾಯಿಗೆ ಹಿಡಿದ ಸೆರಗು ಜಾರಿದ್ದೂ ತಿಳಿಯದೆ, ಶಕ್ತಿಯೆಲ್ಲ ಕೂಡಿಸಿ ಕೂಗಿದಳು: "ಪುರಂದರಾ! ಕಾಯಿಲ್ ಕೆಳಗಿನ ತಂತಿ ನೋಡೋ! ಕತ್ತರಿಸಿಹೋಗೈತೆ!"

ನಟರಾಜನ್ ತಿರುಗಿ ನೋಡಿದ. "ಅಯ್ಯೋ, ಯಾಕಮ್ಮಾ ಹೇಳಿದಿರಿ? ಹೇಳಿಕೊಟ್ಟ ಹಾಗಾಯ್ತಲ್ಲ. ತಂಬಿ, ನಿನ್ನ ಕಾರು ಔಟ್."

ಅವನು ಬಾವುಟ ಇಳಿಸಿದ. ಉಳಿದ ಕಾರುಗಳು ಮಣ್ಣೆಬ್ಬಿಸಿಕೊಂಡು ಹೋದವು. ಸದ್ದು ದೂರವಾದ ಮೇಲೆ ಪುರಂದರ ಹಲ್ಲು ಕಚ್ಚಿ ಆ ತಂತಿಯನ್ನು ಹೊರಕ್ಕೆ ಎಳೆದ. "ಎಲ್ಲಿ ಅತ್ತಿಗೆ ಕತ್ತರಿಸಿರೋದು? ನೆಟ್ಟಗೇ ಐತಲ್ಲ! ಬೇಕಂತಲೇ ನನ್ನ ಓಟ..." ಎಂದವನು ಅಲ್ಲಿಗೇ ತಡೆದ.

ನಟರಾಜನ್ ಬಗ್ಗಿ ನೋಡಿದ. "ಇಲ್ಲಪ್ಪಾ, ಕತ್ತರಿಸಿದೆ. ಆಮೇಲೆ ಮೇಲಿನ ಹತ್ತಿ ಹೊದಿಕೆಯ ನೂಲನ್ನ ಯಾರೋ ಎಳೆಎಳೆಯಾಗಿ ಸೇರಿಸಿದಾರೆ. ಒಳಗೆ ತಾಮ್ರ ಸೇರಿಲ್ಲ. ಕಟ್ಟಿದವರಿಗೆ ಕಾರು ಓಡೋದು ಬೇಕಿರಲಿಲ್ಲ. ಕತ್ತರಿಸಿದ್ದು ಕಾಣಬಾರದು, ಅಷ್ಟೇ." ಅವನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. "ಏನಿದು, ಇನ್ನೂ ಒದ್ದೆ ಐತೆ. ಕೆಂಪಗೆ..."

"ಎಲೆ ಅಡಿಕೆ ಎಂಜಲು," ಎಂದ ಪುರಂದರ, ತಂತಿಯನ್ನು ಕಣ್ಣ ಹತ್ತಿರ ತಂದು. ಎಡಕ್ಕೆ ಹೊಸೆದು ಹಾಕಿದ, ಸವರಿದರೆ ಬೆರಳಿಗೂ ಸಿಗದಷ್ಟು ಸಣ್ಣ ಗಂಟು. ಕಡಿದ ಎಳೆಯನ್ನು ಬಾಯಲ್ಲಿ ನೆನೆಸಿ ಹಾಗೆ ಎಡಕ್ಕೆ ಹೊಸೆಯುತ್ತಿದ್ದವನು ಆ ಮನೆಯಲ್ಲಿ ಒಬ್ಬನೇ. ಬಾಯಲ್ಲಿ ಸದಾ ಎಲೆ. ಬಿಳಿ ಪಂಚೆಗೆಲ್ಲ ಕೆಂಪು ಮಾಡ್ತೀಯ ಎಂದು ತಾಯಿಯ ಹತ್ತಿರ ದಿನಾ ಬೈಸಿಕೊಳ್ಳುತ್ತಿದ್ದ.

"ಅಣ್ಣನ ಗಂಟು ಇದು," ಎಂದು ಪುರಂದರ ತಲೆ ಎತ್ತಿದ. ಅತ್ತಿಗೆಯ ಮುಖ ನೋಡಿದವನು ಹಾಗೇ ಒಂದು ಹೆಜ್ಜೆ ಹಿಂದೆ ಸರಿದ.

"ಯಾಕೋ ಹಂಗೆ ನೋಡ್ತೀಯ?"

"ಅತ್ತಿಗೆ... ನೀವು ಎಲೆ ಯಾವಾಗ ಹಾಕಿದಿರಿ?"

"ಥೂ, ಏನ್ ಮಾತಾಡ್ತಿಯೋ! ಅವರು ಹೋದ ಮೇಲೆ ನಾನು ಎಲೆ ಮುಟ್ಟಿದ್ದುಂಟಾ?" ಎನ್ನುತ್ತ ಭಾಮಾ ಸೆರಗಿನಿಂದ ತುಟಿ ಒರೆಸಿಕೊಂಡಳು. ಬಿಳಿಯ ಬಟ್ಟೆ ಕೆಂಪಾಯಿತು. ನಾಲಗೆ ಸುಣ್ಣಕ್ಕೆ ಚುರುಗುಟ್ಟುತ್ತಿತ್ತು, ಎಡದವಡೆಯ ಸಂದಿಯಲ್ಲಿ ಅಡಿಕೆಯ ಒಂದು ಹೋಳು ಇನ್ನೂ ಹಾಗೇ ಉಳಿದಿತ್ತು.