ನಿಲ್ಲಿಸುವ ಬಟನ್

ಲೋರ್ನಾ ಪ್ರಿಚೆಟ್‌ಳ ಕೈಚೀಲದಲ್ಲಿ ಇಕ್ಕಳ ಸಿಕ್ಕಿತು. ತಂತಿಯ ತುಂಡುಗಳೂ ಸಿಕ್ಕವು.

"ಸುರಕ್ಷತಾ ಸಂಶೋಧಕಿಗೆ ಇಕ್ಕಳ ಯಾಕಮ್ಮಾ?" ಎಂದ ಕಾವಲು ಮುಖ್ಯಸ್ಥ ರೂಫಸ್. ಅವಳೆಂದರೆ ಅವನಿಗೆ ಗೌರವ. ಅದಕ್ಕೇ ದನಿ ತಗ್ಗಿಸಿ ಕೇಳಿದ್ದ.

"ಸಂಶೋಧನೆಗೇ," ಎಂದಳು.

ಅನುಮಾನಕ್ಕೆ ಕಾರಣವಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಈ ಕೃತಕ ಬುದ್ಧಿಮತ್ತೆ ಕಂಪನಿ ಸುರಕ್ಷತೆಯೇ ತನ್ನ ಉಸಿರೆಂದು ಕಂಡಕಂಡಲ್ಲಿ ಡಂಗುರ ಸಾರುತ್ತಿತ್ತು. ಹೋದ ವಾರ ಲೋರ್ನಾ ತುಂಬಿದ ಸಭೆಯಲ್ಲಿ ಎದ್ದು ನಿಂತು, "ನಿಮ್ಮ ಸುರಕ್ಷತೆ ಬರೀ ಬಾಯಿಮಾತು" ಎಂದು ಒಡೆಯ ವಾರೆನ್ ಟ್ರಾಸ್ಕ್‌ನಿಗೆ ಮುಖಕ್ಕೆ ಹೊಡೆದಂತೆ ಹೇಳಿದ್ದಳು. ಇವತ್ತು ಸೆನೆಟರ್ ಹಿಲ್ಡಾ ಕ್ರೇಮರ್ ಭೇಟಿಯ ದಿನ. ಬೆಳಿಗ್ಗೆ ಲೋರ್ನಾ ಯಂತ್ರ ನಿಲ್ಲಿಸುವ ಬಟನ್ ಇದ್ದ ಮೇಜಿನ ಅಡಿಯಿಂದ ತೆವಳಿಕೊಂಡು ಹೊರಬಂದದ್ದನ್ನು ರೂಫಸ್‌ನೇ ಕಂಡಿದ್ದ.

ಆ ಬಟನ್ ಕಂಪನಿಯ ಹೆಮ್ಮೆ. ಯಂತ್ರ ಹದ್ದುಮೀರಿದರೆ ತಕ್ಷಣ ನಿಲ್ಲಿಸಲೆಂದು ಕೋಟಿಗಟ್ಟಲೆ ಡಾಲರ್ ಸುರಿದಿದ್ದೇವೆ ಎಂದು ಟ್ರಾಸ್ಕ್ ಬಂದ ಗಣ್ಯರಿಗೆಲ್ಲ ಹೇಳುತ್ತಿದ್ದ. ಅವರು ಒತ್ತುತ್ತಿದ್ದರು. ದೀಪ ಕೆಂಪಾಗುತ್ತಿತ್ತು, ಸೈರನ್ ಕೂಗುತ್ತಿತ್ತು, ಚಪ್ಪಾಳೆ ಬೀಳುತ್ತಿತ್ತು. ಆಮೇಲೆ ನೆಲಮಾಳಿಗೆಯ ಯಂತ್ರಗಳ ಗುಂಯ್ ಸದ್ದಿನ ನಡುವೆ ಕಾಫಿ ಕುಡಿದು ಹೊರಡುತ್ತಿದ್ದರು.

ಟ್ರಾಸ್ಕ್ ಧಾವಿಸಿ ಬಂದ. "ಏನು ಕತ್ತರಿಸಿದೆ, ಬೊಗಳು!"

"ಒಂದೆಳೆನೂ ಕತ್ತರಿಸಿಲ್ಲ."

ರೂಫಸ್ ಮೇಜಿನಡಿ ಬಗ್ಗಿ ನೋಡಿದ. "ನಿಜ ಸಾರ್. ತಂತಿ ಯಾವುದೂ ಕಮ್ಮಿ ಆಗಿಲ್ಲ." ಒಂದು ಹೆಚ್ಚೇ ಇದ್ದಂತೆ ಕಂಡಿತು. ಕೇಳದ್ದನ್ನು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

"ಬಟನ್ ಕೆಲಸ ಮಾಡ್ಲಿಲ್ಲ ಅಂದ್ರೆ ನಿನ್ನ ಕೆಲಸ ಹೋಯ್ತು," ಟ್ರಾಸ್ಕ್ ಹಲ್ಲು ಕಡಿದ. "ಗಂಡನ ಡಯಾಲಿಸಿಸ್ ನಡೀತಿರೋದು ನಮ್ಮ ವಿಮೆ ಮೇಲೆ, ನೆನಪಿರ್ಲಿ."

ಲೋರ್ನಾಳ ಮುಖ ಬಿಳುಚಿತು. ಆದರೂ ತಲೆ ತಗ್ಗಿಸಲಿಲ್ಲ. "ಕೆಲಸ ಮಾಡಿದ್ರೆ?"

"ಬಂದರುಕಟ್ಟೇಲಿ ನಿಂಗೆ ಏಡಿ ಊಟ, ನನ್ನ ಖರ್ಚಲ್ಲಿ!"

"ಆಗ ನಿಮಗೇ ಊಟ ಸೇರಲ್ಲ ಬಿಡಿ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಟ್ರಾಸ್ಕ್ ಮುಖದ ತುಂಬ ನಗು ತಂದುಕೊಂಡು ಸೆನೆಟರನ್ನು ನೇರ ಮೇಜಿನ ಬಳಿಗೆ ಕರೆತಂದ. ಆಕೆ ಬಟನ್ ಒತ್ತಿದರು.

ದೀಪ ಕೆಂಪಾಯಿತು. ಸೈರನ್ ಕೂಗಿತು. ಟ್ರಾಸ್ಕ್ ನಿಟ್ಟುಸಿರು ಬಿಟ್ಟು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ರೂಫಸ್ ಮಾತ್ರ ಕಾಲಡಿಯ ನೆಲ ನೋಡಿದ. ಗುಂಯ್ ಸದ್ದು ನಿಂತಿತ್ತು. ಗೋಡೆಯ ಪರದೆಗಳು ಒಂದೊಂದಾಗಿ ಕಪ್ಪಾದವು. ಕಟ್ಟಡದ ತುಂಬ ಫೋನುಗಳು ಹೊಡೆದುಕೊಳ್ಳತೊಡಗಿದವು.

"ಕೆಡಿಸಿಬಿಟ್ಲು!" ಟ್ರಾಸ್ಕ್ ಕಿರುಚಿದ. "ಹಾಳಾದೋಳು, ಎಲ್ಲಾ ನಿಲ್ಲಿಸಿಬಿಟ್ಲು!"

ಸೆನೆಟರ್ ಕಣ್ಣು ಕಿರಿದುಮಾಡಿದರು. "ನಿಲ್ಲಿಸೋ ಬಟನ್ ಅಂದ್ರಿ. ಒತ್ತಿದೆ, ನಿಂತಿತು. ಇದ್ರಲ್ಲಿ ಕೆಟ್ಟಿದ್ದೇನು?"

"ಇಷ್ಟು ದಿನ ಅದಕ್ಕೆ ದೀಪ, ಸೈರನ್ ಬಿಟ್ಟು ಬೇರೇನೂ ಜೋಡಿಸಿರ್ಲಿಲ್ಲ ಮೇಡಂ," ಎಂದಳು ಲೋರ್ನಾ. "ಇವತ್ತು ಬೆಳಿಗ್ಗೆ ನಾನು ಯಂತ್ರಕ್ಕೂ ಜೋಡಿಸಿದೆ."