ಪಾಚಿಗೆ ಉಪ್ಪು ಹಾಕಿದವರು

ಆರುನೂರ ಇಪ್ಪತ್ತು.

ಜಯಮಾಲಾ ಮೀಟರನ್ನು ಒರೆಸಿ, ಆರ್ಕಿಡ್ ಕುಂಡದ ಕೆಳಗಿನ ತಟ್ಟೆಯಲ್ಲಿ ಸೋರಿದ್ದ ನೀರಿಗೆ ಮತ್ತೆ ಅದ್ದಿದಳು. ಮತ್ತೆ ಅದೇ ಅಂಕಿ. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಆ ಪುಟ್ಟ ಮೀಟರು ಸುಳ್ಳು ಹೇಳುವುದಿಲ್ಲ. ಮನೆಯಲ್ಲಿ ಯಾರೋ ಹೇಳುತ್ತಿದ್ದಾರೆ.

ಅವಳು ಸಿಂದಗಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಹನ್ನೊಂದು ವರ್ಷ ಸ್ಫ್ಯಾಗ್ನಮ್ ಪಾಚಿಯ ಪಾಠ ಮಾಡಿದ್ದಾಳೆ, ಹನ್ನೊಂದು ವರ್ಷವೂ ಕಪ್ಪುಹಲಗೆಯ ಮೇಲೆ. ತಂಪು ಸೀಮೆಯ ಜೌಗಿನಲ್ಲಿ ಬೆಳೆಯುವ ಆ ಪಾಚಿಯನ್ನು ಈ ಬಿಸಿಲಿನೂರಿನಲ್ಲಿ ಹಸಿರಾಗಿ ಕಂಡವರಿಲ್ಲ. ಹೋದ ವರ್ಷ ಅವಳು ಪಾರ್ಸೆಲ್ಲಿನಲ್ಲಿ ಒಂದು ಆರ್ಕಿಡ್ ತರಿಸಿದಳು. ಅದರ ಬೇರಿಗೆ ಸುತ್ತಿದ್ದ ಒಣ ಪಾಚಿಯೊಳಗಿಂದ ಒಂದು ಬೆಳಿಗ್ಗೆ ಹಸಿರು ನಕ್ಷತ್ರಗಳಂಥ ತುದಿಗಳು ತಾವಾಗಿಯೇ ಎದ್ದವು. ಸೋಮವಾರ ಅವುಗಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸುತ್ತೇನೆಂದು ಎರಡನೇ ವರ್ಷದ ಮಕ್ಕಳಿಗೆ ಮಾತು ಕೊಟ್ಟಿದ್ದಳು. ಇಂದು ಗುರುವಾರ. ಅರ್ಧ ಪಾಚಿ ಆಗಲೇ ಕಂದಿತ್ತು.

ಈ ಪಾಚಿಗೆ ಉಪ್ಪೇ ವಿಷ. ಮನೆಗೆ ಬರುವ ಬೋರಿನ ನೀರಿನಲ್ಲಿ ಲವಣ ಸಾವಿರದ ನಾನೂರು. ಹಿಡಿದಿಟ್ಟ ಮಳೆನೀರು ಮುಗಿದಾಗ ಅವಳು ವಿಜಯಪುರಕ್ಕೆ ಹೋಗಿ ಹತ್ತು ಲೀಟರ್ ಬಟ್ಟಿ ಇಳಿಸಿದ ನೀರಿನ ಕ್ಯಾನು ಕೊಂಡು, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟು ತಂದಿದ್ದಳು. ಅಳೆದರೆ ಬರೀ ಎಂಟು. ಕ್ಯಾನನ್ನು ಅಡುಗೆಮನೆಯ ಮೂಲೆಗಿಟ್ಟು, ನೀರಿನ ಮಟ್ಟಕ್ಕೆ ಹೊರಗಿನಿಂದ ಗೆರೆ ಎಳೆದು, ಅತ್ತೆಯನ್ನೂ ಗಂಡನನ್ನೂ ಎದುರಿಗೆ ನಿಲ್ಲಿಸಿ ಎಚ್ಚರಿಸಿದ್ದಳು.

"ನೀರು ಈ ಗೆರಿ ಬಿಟ್ಟು ಒಂದ ಕೂದಲಷ್ಟ ಇಳದಿರಬಾರದು. ಇಳೀತೋ, ನಾ ಸುಮ್ನಿರಾಕಿ ಅಲ್ಲ."

ದಿನಾ ಬೆಳಿಗ್ಗೆ ಪಾಚಿಗೆ ಒಂದು ಬಟ್ಟಲು ತೆಗೆದು ಹೊಸ ಗೆರೆ ಎಳೆಯುತ್ತಿದ್ದಳು. ಒಂಬತ್ತು ದಿನ, ಒಂಬತ್ತು ಗೆರೆ. ಒಂದೂ ತಪ್ಪಿರಲಿಲ್ಲ. ಹಾಗಾದರೆ ಯಾರೋ ಕುಂಡಕ್ಕೇ ಬೋರಿನ ನೀರು ಹೊಯ್ಯುತ್ತಿದ್ದಾರೆ.

ಮೊದಲ ಅನುಮಾನ ಅತ್ತೆ ಲಕ್ಕವ್ವನ ಮೇಲೆ. ತಂಬಿಗೆಯಲ್ಲಿ ಉಳಿದ ನೀರನ್ನು ಕಂಡ ಗಿಡಕ್ಕೆ ಚೆಲ್ಲುವುದು ಅವಳ ಐವತ್ತು ವರ್ಷದ ರೂಢಿ.

"ಅತ್ತಿ, ಖರೇ ಹೇಳ್ರಿ. ನನ್ನ ಗಿಡಕ್ಕ ನೀರ ಹಾಕೀರೇನ?"

"ನಾ ಯಾಕ ಹಾಕ್ಲೆವಾ? ಬಾವಿ ಮೆಟ್ಟಲದಾಗಿನ ಪಾಚಿ ಕೆರದು ಒಗದ ಕೈ ಇವು. ಅದಕ್ಕ ನೀರ ಹಾಕಿ ಬೆಳಸೂ ಹುಚ್ಚು ನನಗ ಹಿಡದಿಲ್ಲ. ಬಸವಣ್ಣನ ಆಣಿ, ಒಂದ ಹನಿ ಹಾಕಿಲ್ಲ. ಮೊದ್ಲ ಚಹಾ ಕುಡಿ, ಆರಾಕತ್ತೈತಿ."

ಜಯಮಾಲಾ ಕುಡಿದಳು. ಹತ್ತು ದಿನದ ಹಿಂದೆ ಹಾಲು ಒಡೆದ ಉಪ್ಪುಪ್ಪು ಚಹಾವನ್ನು ಉಗುಳಿ, "ಇದು ಚಹಾ ಅಲ್ರಿ, ಲ್ಯಾಬಿನ್ಯಾಗಿನ ದ್ರಾವಣ" ಎಂದು ಕೂಗಾಡಿದ್ದಳು. ಮರುದಿನದಿಂದಲೇ ರುಚಿ ಬದಲಾಗಿತ್ತು. ಅತ್ತೆ ಹೊಸ ಪುಡಿ ತರಿಸಿರಬೇಕು. ಈಗ ಕಾಲೇಜಿನಿಂದ ಬಂದು ಮಲಗುವವರೆಗೆ ನಾಲ್ಕು ಲೋಟ ಕುಡಿದರೂ ಅವಳಿಗೆ ಸಾಲದು.

ಎರಡನೇ ಆರೋಪಿ ಗಂಡ ಸಿದ್ದಲಿಂಗ. ಬೀಜ-ಗೊಬ್ಬರದ ಅಂಗಡಿಯವನು. ಯೂರಿಯಾ ಕರಗಿಸಿ ಹಾಕದೆ ಒಂದು ಗಿಡವನ್ನೂ ನೋಡಲಾರದವನು.

"ನೀವ ಗೊಬ್ಬರ ಹಾಕೀರಿ," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

"ನಾ ಹಾಕಿದ್ರ ಅದು ಹಿಂಗ ಒಣಗ್ತಿತ್ತೇನ? ಅಂಗಡಿ ಹೆಸರ ಕೆಡಸಬ್ಯಾಡ ಮಾರಾಯ್ತಿ. ಅಲ್ಲ, ಮ್ಯಾಲ ಹೂವು ಅಷ್ಟ ಚಂದ ಅರಳೈತಿ, ಕೆಳಗಿನ ಕಸದ ಚಿಂತಿ ನಿನಗ್ಯಾಕ?"

'ಕಸ' ಎಂದ ತಪ್ಪಿಗೆ ಅವನಿಗೆ ಅಂದು ಸಂಜೆ ಮಿರ್ಚಿ ಭಜಿ ಸಿಗಲಿಲ್ಲ.

ಶುಕ್ರವಾರ ಜಯಮಾಲಾ ಕುಂಡವನ್ನು ತನ್ನ ಓದುವ ಕೋಣೆಯ ಕಿಟಕಿಗೆ ಸಾಗಿಸಿ, ಬಾಗಿಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡಳು.

"ಬಂಗಾರಕ್ಕ ಕೀಲಿ ಹಾಕೂದ ಕಂಡೇನಿ," ಎಂದಳು ಲಕ್ಕವ್ವ. "ಪಾಚಿಗೆ ಕೀಲಿ ಹಾಕಿದ ಸೊಸಿ ಇಡೀ ಸಿಂದಗ್ಯಾಗ ನೀ ಒಬ್ಬಾಕಿನ."

ಶನಿವಾರ ಪಾಚಿ ಇನ್ನಷ್ಟು ಕಂದಿತು. ಚಹಾ ಕೂಡ ಯಾಕೋ ಮೊದಲಿನಂತಿರಲಿಲ್ಲ. ಚಿಂತೆಯಲ್ಲಿ ನಾಲಿಗೆಯೂ ಕೆಡುತ್ತದೆ ಅಂದುಕೊಂಡಳು.

ಭಾನುವಾರ ಬೆಳಿಗ್ಗೆ ಮೀಟರು ಎಂಟುನೂರ ಹತ್ತು ತೋರಿಸಿತು. ಕೀಲಿ ಹಾಗೇ ಇತ್ತು. ಕಿಟಕಿಯ ಚಿಲಕ ಹಾಗೇ ಇತ್ತು. ಹಸಿರು ಉಳಿದದ್ದು ಮೂರೇ ಮೂರು ತುದಿಗಳಲ್ಲಿ.

ಸಿದ್ದಲಿಂಗ ಬಾಗಿಲಲ್ಲಿ ನಿಂತು ಇಣುಕಿದ. "ಒಳಗ ಹೋಗಿ ಬಂದಾಕಿ ನೀ ಒಬ್ಬಾಕಿ. ಪೊಲೀಸ್ರನ್ನ ಕರಸಿದ್ರ ಮೊದ್ಲ ನಿನ್ನ ಹಿಡೀತಾರ ನೋಡು."

ಅವಳು ಚಿಮಟದಿಂದ ಆ ಮೂರು ತುದಿಗಳನ್ನು ಬಿಡಿಸಿ, ಒದ್ದೆ ಹತ್ತಿಯ ಡಬ್ಬಿಯಲ್ಲಿಟ್ಟಳು. ನಾಳೆಯ ಪಾಠಕ್ಕೆ ಅಷ್ಟು ಸಾಕು. ಉಳಿದ ಪಾಚಿ ಬದುಕಬೇಕಾದರೆ ಅದರ ಉಪ್ಪನ್ನೆಲ್ಲ ಒಮ್ಮೆ ತೊಳೆದು ಹೊರಹಾಕಬೇಕು. ಹಾಳಾಗಿ ಹೋಗಲಿ, ಕ್ಯಾನಿನ ನೀರು ಪೂರ್ತಿ ಖಾಲಿಯಾದರೂ ಸರಿ. ಬಟ್ಟಲು ಹಿಡಿದು ಅಡುಗೆಮನೆಗೆ ನಡೆದಳು.

ಲಕ್ಕವ್ವ ಕ್ಯಾನಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಕ್ಯಾನು ಬಗ್ಗಿಸಿ ಪಾತ್ರೆಗೆ ನೀರು ಸುರುವಿಕೊಂಡಳು. ಆಮೇಲೆ ತಂಬಿಗೆಯಿಂದ ಬೋರಿನ ನೀರನ್ನು ಕ್ಯಾನಿಗೆ ಹೊಯ್ಯತೊಡಗಿದಳು. ಕಣ್ಣನ್ನು ಗೆರೆಯ ಮಟ್ಟಕ್ಕೇ ಇಳಿಸಿ, ಕೊನೆಗೆ ಹನಿಹನಿಯಾಗಿ ಬಿಟ್ಟು, ನೀರನ್ನು ಸರಿಯಾಗಿ ಗೆರೆಗೆ ನಿಲ್ಲಿಸಿದಳು. ಹನ್ನೊಂದು ವರ್ಷದಲ್ಲಿ ಜಯಮಾಲಾಳ ಯಾವ ವಿದ್ಯಾರ್ಥಿಯೂ ಇಷ್ಟು ಕರಾರುವಾಕ್ಕಾಗಿ ಅಳೆದಿರಲಿಲ್ಲ.

ಲಕ್ಕವ್ವ ತಿರುಗಿ ನೋಡಿದಳು. ಅವಳ ಮುಖದಲ್ಲಿ ಅಳುಕಿನ ಸುಳಿವೇ ಇರಲಿಲ್ಲ.

"ಬಂದ್ಯಾ? ನಿನ್ನ ಚಹಾಕ್ಕ ಇಡಾಕತ್ತೇನಿ. ಆದ್ರ ಜಯಾ, ಮುಂದಿನ ಸಲ ಬ್ಯಾರೆ ಅಂಗಡ್ಯಾಗ ತಾರವಾ; ಈ ನೀರು ದಿನಾ ದಿನಾ ಉಪ್ಪಾಗಾಕತ್ತೈತಿ."